ಬೆಟ್ಟದ ಮೇಲೆ ಸುಮ್ಮನೆ ನಿಂತವರು

ಕಳೆದ ಸಂಚಿಕೆಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದ (ತಾಳಿಕೋಟೆ ಯುದ್ಧ ಅನ್ನುವುದೂ ಇದನ್ನೇ) ಬಗ್ಗೆ ಬರೆಯುವಾಗ ಕೊನೆಗೆ ಒಂದು ಮಾತು ಸೇರಿಸಿದ್ದೆ. 1565ರ ಆ ಯುದ್ಧ ಮುಗಿದ 35 ವರ್ಷಕ್ಕೆ ಜಪಾನಿನ ಸೆಕಿಗಹಾರ ಎಂಬ ಕಣಿವೆಯಲ್ಲಿ ಸಮುರಾಯ್ ಮನೆತನಗಳ ನಡುವೆ ಅಷ್ಟೇ ದೊಡ್ಡ ಕಾಳಗ ನಡೆಯಿತು ಅಂತ. ಆ ಒಂದು ಮಾತಿಗೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಹಾಗಾಗಿ ಈ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಉಳಿದ ಪ್ರಶ್ನೆಗಳಿಗೆ ಮುಂದಿನ ಸಲ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಸರ್, ನಾನು ಮೊಬೈಲಿನಲ್ಲಿ ಜಪಾನಿನ ಕಾರ್ಟೂನ್ ಸರಣಿಗಳನ್ನು ನೋಡುತ್ತೇನೆ. ಸೆಕಿಗಹಾರ ಅನ್ನುವ ಹೆಸರು ಪದೇ ಪದೇ ಬರುತ್ತದೆ. ಅದು ಯಾರ ನಡುವಿನ ಯುದ್ಧ? ಎರಡು ಮನೆತನಗಳ ಹಳೆಯ ಹಗೆಯೇ?
(ಪಿಯುಸಿ ವಿದ್ಯಾರ್ಥಿನಿ, ಮುದ್ದೇಬಿಹಾಳ)

ಉತ್ತರ: ತಂಗಿ, ಹಗೆ ಇತ್ತು. ಆದರೆ ನೀನು ಅಂದುಕೊಂಡ ಕಡೆ ಇರಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಜಪಾನಿನಲ್ಲಿ ನೂರು ವರ್ಷಕ್ಕೂ ಮೀರಿ ಮನೆತನಗಳು ಒಂದರ ಮೇಲೊಂದು ಬಿದ್ದು ಬಡಿದಾಡಿದವು. ಕೊನೆಗೆ ತೊಯೊತೊಮಿ ಹಿದೆಯೋಶಿ ಎಂಬಾತ ಎಲ್ಲರನ್ನೂ ತನ್ನ ಕೈಕೆಳಗೆ ತಂದ. ತೀರಾ ಕೆಳಗಿನಿಂದ ಮೇಲೆ ಬಂದ ಮನುಷ್ಯ. 1598ರಲ್ಲಿ ಅವನು ತೀರಿಕೊಂಡಾಗ ಮಗ ಹಿದೆಯೋರಿ ಐದು ವರ್ಷದ ಕೂಸು. ಮಗು ದೊಡ್ಡದಾಗುವವರೆಗೆ ರಾಜ್ಯ ನೋಡಿಕೊಳ್ಳಿ ಎಂದು ಐದು ಜನ ದೊಡ್ಡ ದೊರೆಗಳಿಂದ ಪ್ರಮಾಣ ಮಾಡಿಸಿಕೊಂಡಿದ್ದ. ಆ ಐವರಲ್ಲಿ ಎಲ್ಲರಿಗಿಂತ ಬಲಶಾಲಿ ತೊಕುಗಾವಾ ಇಯೆಯಾಸು. ದೈನಂದಿನ ಆಡಳಿತಕ್ಕೆ ಬೇರೆ ಐದು ಜನ ಅಧಿಕಾರಿಗಳಿದ್ದರು. ಅವರಲ್ಲೊಬ್ಬ ಇಶಿದಾ ಮಿತ್ಸುನಾರಿ.

ಇಯೆಯಾಸು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮದುವೆ ಕುದುರಿಸಿದ್ದು. ದೊರೆಗಳು ಅಪ್ಪಣೆಯಿಲ್ಲದೆ ಬೀಗತನ ಬೆಳೆಸಕೂಡದು ಎಂದು ಹಿದೆಯೋಶಿ ಕಟ್ಟಪ್ಪಣೆ ಮಾಡಿದ್ದ. 1599ರಲ್ಲಿ ಇಯೆಯಾಸು ಅದನ್ನು ಮುರಿದ. ತನ್ನ ಮಗನಿಗೆ ಉತ್ತರದ ದೊರೆ ದಾತೆ ಮಸಾಮುನೆಯ ಮಗಳನ್ನು ಗೊತ್ತುಮಾಡಿದ. ಸಾಕುಮಗಳಾಗಿ ಮಾಡಿಕೊಂಡ ಹುಡುಗಿಯರನ್ನು ಬೇರೆ ಮನೆತನಗಳಿಗೆ ಕೊಟ್ಟ.

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ತಾಳಿಕೋಟೆ ಯುದ್ಧಕ್ಕೆ ಮುಂಚೆ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ನಮ್ಮ ಆದಿಲ್ ಶಾಹನಿಗೆ ಕೊಟ್ಟ. ಜೊತೆಗೆ ಸೋಲಾಪುರದ ಕೋಟೆಯನ್ನೂ ಬಳುವಳಿ ಕೊಟ್ಟ. ಆದಿಲ್ ಶಾಹನ ತಂಗಿ ಆ ಮನೆಗೆ ಸೊಸೆಯಾಗಿ ಹೋದಳು. ಅಲ್ಲಿಯವರೆಗೆ ಆ ಎರಡು ಮನೆಗಳೇ ಹೊಡೆದಾಡುತ್ತಿದ್ದವು. ವಿಜಯಪುರದ ಚಾಂದ್ ಬಾವಡಿ ನೋಡಿದ್ದೀಯಲ್ಲ, ಅದು ಚಾಂದ್ ಬೀಬಿಯ ಹೆಸರಿನದು. ನಾನು ತರಗತಿಯಲ್ಲಿ ಯಾವ ಯುದ್ಧ ಪಾಠ ಮಾಡಿದರೂ ಮೊದಲು ಬೋರ್ಡಿನ ಮೇಲೆ ಯಾರು ಯಾರಿಗೆ ಬೀಗರು ಎಂದು ಬರೆಯುತ್ತಿದ್ದೆ. ಕುದುರೆ, ಕತ್ತಿ ಎಲ್ಲ ಆಮೇಲೆ. ನೀನೂ ಹಾಗೇ ಓದಿ ನೋಡು, ಬಹಳ ಸಂಗತಿ ತಾನೇ ಬಿಚ್ಚಿಕೊಳ್ಳುತ್ತದೆ.

ಈಗ ಹಗೆಯ ಮಾತು. ಮಿತ್ಸುನಾರಿ ಲೆಕ್ಕಪತ್ರದ ಮನುಷ್ಯ. ಹಿದೆಯೋಶಿ ಕೊರಿಯಾದ ಮೇಲೆ ದಂಡು ಕಳಿಸಿದಾಗ ಅಲ್ಲಿ ರಕ್ತ ಸುರಿಸಿದ ಸರದಾರರು, ‘ಇವನು ನಮ್ಮ ಮೇಲೆ ಚಾಡಿ ಹೇಳಿದ’ ಎಂದು ಕುದಿಯುತ್ತಿದ್ದರು. ಕಾತೊ ಕಿಯೊಮಾಸಾ, ಫುಕುಶಿಮಾ ಮಸಾನೋರಿ ಇವರೆಲ್ಲ ಹಿದೆಯೋಶಿ ಚಿಕ್ಕಂದಿನಿಂದ ಸಾಕಿ ಬೆಳೆಸಿದ ಹುಡುಗರು. 1599ರಲ್ಲಿ ಏಳು ಸರದಾರರು ಸೇರಿ ಮಿತ್ಸುನಾರಿಯ ಮೇಲೆಯೇ ಏರಿಹೋಗಿದ್ದರು. ಅವನು ಅಧಿಕಾರ ಬಿಟ್ಟು ತನ್ನ ಕೋಟೆಗೆ ಹೋಗಿ ಕೂರಬೇಕಾಯಿತು.

ಹಾಗಾಗಿ 1600ರಲ್ಲಿ ಮಿತ್ಸುನಾರಿ ‘ತೊಯೊತೊಮಿ ಮಗುವನ್ನು ಕಾಪಾಡೋಣ’ ಎಂದು ಪಶ್ಚಿಮದ ದೊರೆಗಳನ್ನು ಕೂಡಿಸಿದಾಗ, ಅದೇ ತೊಯೊತೊಮಿ ಮನೆಯ ಅನ್ನ ತಿಂದ ಫುಕುಶಿಮಾ ಮಸಾನೋರಿ ಎದುರಿನ ಇಯೆಯಾಸುವಿನ ಪಾಳಯದ ಮುಂಚೂಣಿಯಲ್ಲಿ ನಿಂತಿದ್ದ. ಅವನ ಹಗೆ ಮಿತ್ಸುನಾರಿಯ ಮೇಲೆ. ಮಗುವಿನ ಮೇಲಲ್ಲ. ತೊಕುಗಾವಾ ಒಂದು ಕಡೆ, ತೊಯೊತೊಮಿ ಒಂದು ಕಡೆ ಎಂದು ಗೆರೆ ಎಳೆದರೆ ಈ ಯುದ್ಧ ಅರ್ಥವೇ ಆಗುವುದಿಲ್ಲ. ಒಂದೇ ಮನೆಯ ಉಪ್ಪು ತಿಂದವರು ಎರಡೂ ಕಡೆ ಇದ್ದರು.

ಪ್ರಶ್ನೆ: ಯುದ್ಧ ಹೇಗೆ ನಡೆಯಿತು ಎಂದು ಸ್ವಲ್ಪ ವಿವರವಾಗಿ ಬರೆಯಿರಿ ಮಾಸ್ತರೇ. ನಮ್ಮ ತಾಳಿಕೋಟೆಯಲ್ಲಿ ಇಬ್ಬರು ಸರದಾರರು ರಾಮರಾಯನಿಗೆ ಕೈಕೊಟ್ಟ ಹಾಗೆ ಅಲ್ಲಿಯೂ ಒಬ್ಬ ದ್ರೋಹ ಮಾಡಿದನಂತೆ, ನಿಜವೇ?
(ನಿವೃತ್ತ ಬ್ಯಾಂಕ್ ನೌಕರ, ಗೋಕಾಕ)

ಉತ್ತರ: ಇದಕ್ಕೆ ಉದ್ದ ಉತ್ತರವೇ ಬೇಕು. ನನಗೂ ಇದೇ ಬಹಳ ಇಷ್ಟದ ಭಾಗ.

ಜಾಗ ಮೊದಲು ಕಣ್ಣಿಗೆ ಕಟ್ಟಿಕೊಳ್ಳಿ. ಸೆಕಿಗಹಾರ ಈಗಿನ ಗಿಫು ಪ್ರಾಂತದಲ್ಲಿದೆ. ಸುತ್ತ ಬೆಟ್ಟ, ನಡುವೆ ಇಕ್ಕಟ್ಟಾದ ಬಯಲು. ಪೂರ್ವದ ಎದೊ (ಈಗಿನ ಟೋಕಿಯೊ) ಕಡೆಯಿಂದ ಕ್ಯೋಟೊ ಕಡೆಗೆ ಹೋಗುವ ಹೆದ್ದಾರಿ ಈ ಸಂದಿಯಲ್ಲೇ ಹಾಯುತ್ತಿತ್ತು. ಈಗ ಬುಲೆಟ್ ರೈಲು ಕೂಡ ಅದರ ಹತ್ತಿರವೇ ಹಾದುಹೋಗುತ್ತದೆ.

1600ರ ಅಕ್ಟೋಬರ್ 21. ಹಿಂದಿನ ರಾತ್ರಿ ಮಳೆ. ಬೆಳಗ್ಗೆ ಎದುರಿನವನ ಮುಖ ಕಾಣದಷ್ಟು ಮಂಜು. ಎರಡೂ ಕಡೆ ಸೇರಿ ಸುಮಾರು ಒಂದೂವರೆ ಲಕ್ಷ ಜನ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಅಷ್ಟೂ ಜನ ಒದ್ದೆ ಬಟ್ಟೆಯಲ್ಲಿ ಮಂಜು ಸರಿಯುವುದನ್ನು ಕಾಯುತ್ತಿದ್ದರು. ಸುಮಾರು ಎಂಟು ಗಂಟೆಗೆ ಮಂಜು ತೆಳುವಾಯಿತು. ಮೊದಲ ಗುಂಡು ಹಾರಿಸುವ ಹಕ್ಕು ಫುಕುಶಿಮಾನದು ಎಂದು ಗೊತ್ತಾಗಿತ್ತು. ಆದರೆ ಕೆಂಪು ಕವಚದ ದಂಡಿನ ಈಯಿ ನವೊಮಾಸಾ ಅವನನ್ನು ದಾಟಿ ಮುಂದೆ ನುಗ್ಗಿದ. ಅವನ ಜೊತೆ ಇಯೆಯಾಸುವಿನ ಮಗ ತಾದಾಯೊಶಿಯೂ ಇದ್ದ. ಮೊದಲ ಏಟು ಹಿದೆಯೋಶಿಯ ಹುಡುಗರದ್ದಾಗಬಾರದು, ತೊಕುಗಾವಾ ಮನೆಯದ್ದಾಗಬೇಕು ಅನ್ನುವುದು ಅದರ ಹಿಂದಿನ ಆಸೆ.

ಈಗ ನಕ್ಷೆ ನೋಡಿದರೆ ನೀವು ಪಶ್ಚಿಮದವರೇ ಗೆಲ್ಲಬೇಕಿತ್ತು ಅನ್ನುತ್ತೀರಿ. ಮಿತ್ಸುನಾರಿ ಒಂದು ಗುಡ್ಡದ ಮೇಲೆ. ಪಕ್ಕದಲ್ಲಿ ಉಕಿತಾ ಹಿದೆಇಯೆ, ಕೊನಿಶಿ ಯುಕಿನಾಗಾ. ದಕ್ಷಿಣದ ಮತ್ಸುವೊ ಬೆಟ್ಟದ ಮೇಲೆ ಕೊಬಾಯಾಕಾವಾ ಹಿದೆಆಕಿಯ ಸುಮಾರು 15,000 ಜನ. ಇಯೆಯಾಸುವಿನ ಬೆನ್ನ ಹಿಂದೆ ನಾಂಗು ಬೆಟ್ಟದ ಮೇಲೆ ಮೋರಿ ಮನೆತನದ ದಂಡು. ಅಂದರೆ ಇಯೆಯಾಸು ಮೂರು ಕಡೆಯಿಂದ ಸಿಕ್ಕಿಬಿದ್ದಿದ್ದ.

ಆದರೆ ಬೆಟ್ಟದ ಮೇಲಿನವರು ಕದಲಲಿಲ್ಲ.

ಯಾಕೆ ಕದಲಲಿಲ್ಲ ಅನ್ನುವುದು ಯುದ್ಧಕ್ಕೆ ಮುಂಚಿನ ತಿಂಗಳಲ್ಲಿದೆ. ಇಯೆಯಾಸು ಒಂದು ತಿಂಗಳ ಹತ್ತಿರ ಎದೊ ಬಿಟ್ಟು ಹೊರಡಲಿಲ್ಲ. ಕೂತು ಪತ್ರ ಬರೆಯುತ್ತಿದ್ದ. ಆ ಕೆಲವು ತಿಂಗಳಲ್ಲಿ ದೊರೆಗಳಿಗೆ ಕಳಿಸಿದ ಪತ್ರ ನೂರಕ್ಕೂ ಜಾಸ್ತಿ. ಒಬ್ಬನಿಗೆ ಭೂಮಿಯ ಆಸೆ, ಒಬ್ಬನಿಗೆ ಅಭಯ, ಒಬ್ಬನಿಗೆ ಹಳೆಯ ಉಪಕಾರದ ನೆನಪು. ಮೋರಿ ಮನೆತನದ ಕಿಕ್ಕಾವಾ ಹಿರೋಇಯೆ, ‘ನಾವು ಕಾಳಗಕ್ಕೆ ಇಳಿಯುವುದಿಲ್ಲ, ನಮ್ಮ ಭೂಮಿ ಮುಟ್ಟಬೇಡಿ’ ಎಂದು ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ. ಅವನ ದಂಡು ಬೆಟ್ಟದ ಮುಂಭಾಗದಲ್ಲೇ ಇತ್ತು. ಅವನು ದಾರಿ ಬಿಡದಿದ್ದರೆ ಹಿಂದಿನವರು ಇಳಿಯುವ ಹಾಗಿರಲಿಲ್ಲ.

ಕೊಬಾಯಾಕಾವಾ ಹಿದೆಆಕಿಯ ಕಥೆ ಬೇರೆ. ಅವನು ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಹಿದೆಯೋಶಿಯ ಹೆಂಡತಿಯ ಅಣ್ಣನ ಮಗ. ಹಿದೆಯೋಶಿಗೆ ಗಂಡುಸಂತಾನ ಇಲ್ಲದಾಗ ಇವನನ್ನು ದತ್ತು ತೆಗೆದುಕೊಂಡಿದ್ದ. ಆಮೇಲೆ ಸ್ವಂತ ಮಗ ಹುಟ್ಟಿದ. ಇವನನ್ನು ಕೊಬಾಯಾಕಾವಾ ಮನೆಗೆ ದತ್ತು ದಾಟಿಸಿಬಿಟ್ಟರು. ಕೊರಿಯಾದಿಂದ ಬಂದ ಮೇಲೆ ಅವನ ಸೀಮೆ ಕಿತ್ತು ಚಿಕ್ಕದೊಂದನ್ನು ಕೊಟ್ಟರು. ಹಿದೆಯೋಶಿ ಸತ್ತ ಮೇಲೆ ಹಳೆಯ ಸೀಮೆ ವಾಪಸ್ ಸಿಕ್ಕಿದ್ದು ಇಯೆಯಾಸುವಿನ ಕೈಯಿಂದ. ಈಗ ಹೇಳಿ, ಆ ಹುಡುಗ ಯಾರಿಗೆ ಋಣಿ? ನನಗೆ ಅವನ ಬಗ್ಗೆ ಸಿಟ್ಟಿಗಿಂತ ಕನಿಕರವೇ ಜಾಸ್ತಿ.

ಜನಪ್ರಿಯ ಕಥೆಯಲ್ಲಿ ಅವನು ಮಧ್ಯಾಹ್ನದವರೆಗೆ ಬೆಟ್ಟದ ಮೇಲೆ ತೂಗಾಡುತ್ತ ಕೂತಿದ್ದ. ಇಯೆಯಾಸು ಸಿಟ್ಟಿಗೆದ್ದು ಆ ಬೆಟ್ಟದ ಕಡೆಗೇ ಗುಂಡು ಹಾರಿಸಿದ. ಆಗ ಹುಡುಗ ಬೆದರಿ ಇಳಿದು ಪಶ್ಚಿಮದವರ ಮೇಲೆ ಬಿದ್ದ. ಆದರೆ ಆ ಕಾಲದ ಪತ್ರಗಳನ್ನು ಹುಡುಕಿ ಓದಿದ ಈಚಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಗುಂಡಿನ ಕಥೆ ಬರುವುದು ಆಮೇಲಿನ ಬರಹಗಳಲ್ಲಿ, ಅವನು ಬಹುಶಃ ಕಾಳಗ ಶುರುವಾದ ಹೊತ್ತಿಗೇ ಪಕ್ಷ ಬದಲಿಸಿದ್ದ ಅನ್ನುತ್ತಾರೆ. ನನಗೂ ಇದು ಸರಿ ಅನಿಸುತ್ತದೆ. ಅಷ್ಟು ಪತ್ರ ಬರೆದ ಇಯೆಯಾಸು ಕೊನೇ ಗಳಿಗೆಯ ಒಂದು ಗುಂಡನ್ನು ನಂಬಿ ಕೂತಿರುವ ಆಸಾಮಿ ಅಲ್ಲ.

ಹಿದೆಆಕಿ ಇಳಿದು ಬಂದದ್ದು ಪಶ್ಚಿಮದವರ ಕಡೆಯ ಒತಾನಿ ಯೋಶಿತ್ಸುಗುವಿನ ಮೇಲೆ. ಒತಾನಿಗೆ ಕುಷ್ಠ ಎಂದು ಹೇಳುತ್ತಾರೆ. ಕಣ್ಣು ಮಂಜಾಗಿತ್ತು. ಮುಖಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡು ಪಲ್ಲಕ್ಕಿಯಲ್ಲಿ ಕೂತು ದಂಡು ನಡೆಸುತ್ತಿದ್ದ. ‘ಈ ಯುದ್ಧ ಗೆಲ್ಲಲಾಗದು, ಬೇಡ’ ಎಂದು ಮಿತ್ಸುನಾರಿಗೆ ಮೊದಲೇ ಬುದ್ಧಿ ಹೇಳಿದ್ದ ಗೆಳೆಯ ಇವನು. ಗೆಳೆಯ ಕೇಳಲಿಲ್ಲ. ಆದರೂ ಬಂದ. ಬೆಟ್ಟದ ಮೇಲಿನ ಹುಡುಗನ ಮೇಲೆ ಅನುಮಾನ ಇದ್ದುದರಿಂದ ಅವನ ಇಳಿದಾರಿಗೆ ಅಡ್ಡವಾಗಿಯೇ ನಿಂತಿದ್ದ. ಮೊದಲ ಹೊಡೆತ ತಡೆದುಕೊಂಡ. ಆದರೆ ಪಕ್ಕದಲ್ಲಿದ್ದ ವಾಕಿಸಾಕಾ ಮತ್ತು ಇನ್ನೂ ಕೆಲವು ಸಣ್ಣ ದೊರೆಗಳೂ ತಿರುಗಿಬಿದ್ದರು. ಒತಾನಿ ಅಲ್ಲೇ ಪ್ರಾಣ ಬಿಟ್ಟ. ಸುಮಾರು ಎರಡು ಗಂಟೆ ಹೊತ್ತಿಗೆ ಎಲ್ಲ ಮುಗಿದಿತ್ತು.

ಇನ್ನು ತಾಳಿಕೋಟೆ. ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಇಬ್ಬರು ಸರದಾರರು ಕೈಕೊಟ್ಟರು ಎಂದು ಬರೆದ. ನಮ್ಮ ವಿಜಯಪುರದಲ್ಲೇ ಇದ್ದು ಇತಿಹಾಸ ಬರೆದ ಫೆರಿಸ್ತಾ ಹೇಳುವುದು ಆನೆಯ ಕಥೆ. ಮುದುಕ ರಾಮರಾಯ ಪಲ್ಲಕ್ಕಿಯಲ್ಲಿದ್ದ, ಆನೆಯೊಂದು ನುಗ್ಗಿ ಬಂತು, ಹೊತ್ತವರು ಪಲ್ಲಕ್ಕಿ ಬಿಟ್ಟು ಓಡಿದರು, ಸಿಕ್ಕಿಬಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ‘ದ್ರೋಹ’ ಎಂದು ಹೇಳಿಬಿಟ್ಟರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆ ಮನುಷ್ಯನಿಗೆ ಯಾರು ಏನು ಕೊಟ್ಟಿದ್ದರು, ಯಾರು ಏನು ಕಿತ್ತುಕೊಂಡಿದ್ದರು ಎಂದು ನಾವು ಕೇಳಲೇಬೇಕು. ಅಲ್ಲಿಂದಲೇ ಇತಿಹಾಸ ಶುರುವಾಗುವುದು.

ಪ್ರಶ್ನೆ: ಅಷ್ಟು ದೊಡ್ಡ ದಂಡಿಗೆ ಊಟ ಹೇಗೆ ಹಾಕುತ್ತಿದ್ದರು? ಜಪಾನಿನ ದೊರೆಗಳ ಶ್ರೀಮಂತಿಕೆಯನ್ನು ಅಕ್ಕಿಯಲ್ಲಿ ಅಳೆಯುತ್ತಿದ್ದರು ಎಂದು ಓದಿದೆ.
(ಕಿರಾಣಿ ಅಂಗಡಿಯವರು, ಬಾಗಲಕೋಟೆ)

ಉತ್ತರ: ಅಂಗಡಿಯವರು ಕೇಳಬೇಕಾದ ಪ್ರಶ್ನೆಯೇ ಇದು. ಹೌದು, ಅಳತೆ ಕೊಕು ಅಂತ. ಒಂದು ಕೊಕು ಎಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕಿಲೋ ಆಸುಪಾಸು ಅಕ್ಕಿ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಅಷ್ಟು ಸಾಕು ಎಂಬ ಲೆಕ್ಕ. ನಮ್ಮ ಹಿರಿಯರು ‘ಆ ಮನೆಯ ಹಗೇವಿನಲ್ಲಿ ಇಷ್ಟು ಚೀಲ ಜೋಳ ಐತಿ’ ಎಂದು ಮನೆತನದ ತೂಕ ಹೇಳುತ್ತಿದ್ದರಲ್ಲ, ಹಾಗೆಯೇ. ಸೀಮೆಯ ಹುಟ್ಟುವಳಿ ಎಷ್ಟು ಕೊಕು ಎಂಬುದರ ಮೇಲೆ ಎಷ್ಟು ಆಳು ಕಳಿಸಬೇಕು ಎಂಬುದೂ ನಿಗದಿಯಾಗುತ್ತಿತ್ತು. ಇಯೆಯಾಸುವಿನದು ಸುಮಾರು 25 ಲಕ್ಷ ಕೊಕು. ಮಿತ್ಸುನಾರಿಯದು ಎರಡು ಲಕ್ಷಕ್ಕೂ ಒಂದಿಷ್ಟು ಕಡಿಮೆ. ಇಷ್ಟು ಸಣ್ಣ ಸೀಮೆಯವನು ಅಷ್ಟು ದೊಡ್ಡವನ ಎದುರು ಅರ್ಧ ಜಪಾನನ್ನು ಎತ್ತಿ ನಿಲ್ಲಿಸಿದ. ಗೆದ್ದವರು ಬರೆಸಿದ ಕಥೆಗಳಲ್ಲಿ ಮಿತ್ಸುನಾರಿಗೆ ಸಿಕ್ಕ ಮರ್ಯಾದೆ ಬಹಳ ಕಮ್ಮಿ. ಅವನಿಗೆ ಇನ್ನಷ್ಟು ಸಲ್ಲಬೇಕು.

ಊಟ ಎಂದಿರಿ, ಒಂದು ಕಥೆ ಹೇಳಲೇಬೇಕು. ಮೋರಿ ದಂಡು ನಾಂಗು ಬೆಟ್ಟದ ಮೇಲೆ ನಿಂತಿತ್ತು ಎಂದೆನಲ್ಲ. ಅದರ ನಾಯಕ ಮೋರಿ ಹಿದೆಮೊತೊ. ಕೆಳಗೆ ಕಾಳಗ ಶುರುವಾಗಿದೆ. ಪಕ್ಕದಲ್ಲಿದ್ದ ಚೊಸೊಕಾಬೆ ದೊರೆಯ ಕಡೆಯಿಂದ ಆಳು ಬಂದು ‘ಯಾವಾಗ ಇಳಿಯುತ್ತೀರಿ?’ ಎಂದು ಕೇಳಿದ. ಮುಂದಿರುವ ಕಿಕ್ಕಾವಾ ದಾರಿ ಬಿಡುತ್ತಿಲ್ಲ. ಸ್ವಂತ ಮನೆಯವನೇ ತಡೆದಿದ್ದಾನೆ ಎಂದು ಹೊರಗಿನವರಿಗೆ ಹೇಗೆ ಹೇಳುವುದು? ಹಿದೆಮೊತೊ ‘ನಮ್ಮ ಹುಡುಗರು ಈಗ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದಾರೆ’ ಎಂದುಬಿಟ್ಟನಂತೆ. ಮೋರಿಯವರು ಇಳಿಯುವುದನ್ನೇ ಕಾಯುತ್ತಿದ್ದ ಚೊಸೊಕಾಬೆಯವರೂ ಕದಲಲಿಲ್ಲ. ಆ ಬೆಟ್ಟದ ಸುತ್ತ ಸಾವಿರ ಸಾವಿರ ಮಂದಿ ಕತ್ತಿ ಎಳೆಯದೆ ಆ ದಿನ ಕಳೆದರು. ಸೆಕಿಗಹಾರದಲ್ಲಿ ಸತ್ತವರ ಕಥೆ ಎಷ್ಟು ದೊಡ್ಡದೋ ಇವರ ಕಥೆಯೂ ಅಷ್ಟೇ ದೊಡ್ಡದು. ನಾನಂತೂ ಇದನ್ನೇ ಮೊದಲು ಹೇಳುತ್ತೇನೆ.

ಪ್ರಶ್ನೆ: ಸಮುರಾಯ್ ಎಂದರೆ ಕತ್ತಿ. ಆ ಯುದ್ಧದಲ್ಲಿ ಕತ್ತಿವರಸೆ ಹೇಗಿತ್ತು?
(ಕರಾಟೆ ತರಬೇತುದಾರ, ವಿಜಯಪುರ)

ಉತ್ತರ: ಬಯಲಲ್ಲಿ ಮುಖ್ಯ ಕೆಲಸ ಮಾಡಿದ್ದು ಉದ್ದನೆಯ ಭರ್ಜಿ ಮತ್ತು ಬತ್ತಿ ಬಂದೂಕು. ಕತ್ತಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ. 1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ಎಂಬ ದ್ವೀಪಕ್ಕೆ ಬಂದಿಳಿದಾಗ ಜಪಾನಿಗೆ ಈ ಬಂದೂಕು ಪರಿಚಯವಾಯಿತು. ಅಲ್ಲಿನ ಕಮ್ಮಾರರು ಬಹಳ ಬೇಗ ಅದನ್ನು ಕಲಿತು ತಾವೇ ಮಾಡತೊಡಗಿದರು. ಬತ್ತಿಗೆ ಕೆಂಡ ಹಚ್ಚಿಟ್ಟುಕೊಂಡು, ಅದು ಮದ್ದಿಗೆ ತಾಗಿದಾಗ ಗುಂಡು ಹಾರುವ ಬಗೆ. ಹಿಂದಿನ ರಾತ್ರಿಯ ಮಳೆಯಲ್ಲಿ ಬತ್ತಿ, ಮದ್ದು ಎರಡನ್ನೂ ಒಣಗಿದ ಹಾಗೆ ಕಾಪಾಡಿಕೊಳ್ಳುವುದೇ ದೊಡ್ಡ ಚಿಂತೆ.

ನಿಮ್ಮೂರಲ್ಲೇ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ಸುಮಾರು 14 ಅಡಿ ಉದ್ದ. ಸುಮ್ನೆ ದೂರದಿಂದ ಫೋಟೋ ತೆಗೆದು ಬರಬೇಡಿ. ಮುಂದೆ ಹೋಗಿ ಬಾಯಿಯ ಹತ್ತಿರ ನೋಡಿ. ಬಾಯಿ ತೆರೆದ ಸಿಂಹ, ಅದರ ಹಲ್ಲುಗಳ ನಡುವೆ ಸಿಕ್ಕ ಆನೆ, ಎಷ್ಟು ಜೀವಂತವಾಗಿ ಎರಕ ಹೊಯ್ದಿದ್ದಾರೆ! 1549ರಲ್ಲಿ ಅಹ್ಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ತುರ್ಕರ ನಾಡಿನಿಂದ ಬಂದ ಕುಶಲಕರ್ಮಿ, ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ಅಂದರೆ ಅಲ್ಲಿ ಬಂದೂಕು ಹೊಕ್ಕ ಆರು ವರ್ಷಕ್ಕೆ ಇಲ್ಲಿ ಇಂಥ ತೋಪು. ಆದರೆ ಜಪಾನಿನವರು ತೋಪಿಗಿಂತ ಕೈಬಂದೂಕಿನ ಮೇಲೆ ಜಾಸ್ತಿ ಭರವಸೆ ಇಟ್ಟರು.

ಪ್ರಶ್ನೆ: ಎಲ್ಲ ಗಂಡಸರ ಹೆಸರೇ. ಹೆಣ್ಣುಮಕ್ಕಳು ಎಲ್ಲಿ ಹೋದರು? ಕಿತ್ತೂರು ಚೆನ್ನಮ್ಮನ ನಾಡಿನವಳಾಗಿ ಕೇಳುತ್ತಿದ್ದೇನೆ.
(ಗೃಹಿಣಿ, ಬೈಲಹೊಂಗಲ)

ಉತ್ತರ: ಅಕ್ಕಾ, ಈ ಪ್ರಶ್ನೆಗೆ ಕೈಮುಗಿಯುತ್ತೇನೆ. ಒಬ್ಬಳ ಕಥೆ ಹೇಳುತ್ತೇನೆ.

ಹೊಸೊಕಾವಾ ತಾದಾವೊಕಿ ಎಂಬ ದೊರೆಯ ಹೆಂಡತಿ. ಹುಟ್ಟಿದ ಮನೆ ಅಕೆಚಿ. ಅವಳ ತಂದೆ ಅಕೆಚಿ ಮಿತ್ಸುಹಿದೆ 1582ರಲ್ಲಿ ತನ್ನ ಒಡೆಯ ಓದಾ ನೊಬುನಾಗಾನ ಮೇಲೆ ತಿರುಗಿಬಿದ್ದು ಅವನ ಸಾವಿಗೆ ಕಾರಣನಾದವನು. ದ್ರೋಹಿಯ ಮಗಳು ಎಂಬ ಹೆಸರು ಹೊತ್ತೇ ಅವಳು ಬದುಕಿದಳು. ಆಮೇಲೆ ಕ್ರೈಸ್ತಳಾದಳು. ಗ್ರಾಸಿಯಾ ಎಂದು ಹೆಸರಿಟ್ಟರು.

1600ರ ಬೇಸಿಗೆಯಲ್ಲಿ ಗಂಡ ಇಯೆಯಾಸುವಿನ ದಂಡಿನ ಜೊತೆ ಪೂರ್ವಕ್ಕೆ ಹೋಗಿದ್ದ. ಇತ್ತ ಒಸಾಕಾದಲ್ಲಿ ಮಿತ್ಸುನಾರಿಯ ಕಡೆಯವರು, ಹಾಗೆ ಹೋದ ದೊರೆಗಳ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ಹಿಡಿಯಲು ಹೊರಟರು. ಗ್ರಾಸಿಯಾ ಬರುವುದಿಲ್ಲ ಎಂದಳು. ಮನೆ ಸುತ್ತುವರಿದರು. ಕ್ರೈಸ್ತಳಾದ್ದರಿಂದ ತನ್ನ ಕೈಯಿಂದ ಪ್ರಾಣ ತೆಗೆದುಕೊಳ್ಳುವ ಹಾಗಿಲ್ಲ. ಮನೆಯ ಹಿರಿಯ ಸೇವಕ ಅವಳ ಪ್ರಾಣ ತೆಗೆದು, ಮನೆಗೆ ಬೆಂಕಿ ಹಚ್ಚಿ, ತಾನೂ ಸತ್ತ. ಆ ಬೆಂಕಿ ನೋಡಿದ ಮೇಲೆ ಒತ್ತೆ ಹಿಡಿಯುವ ಯೋಚನೆಯೇ ಹಿಂದೆ ಬಿತ್ತು. ಗಂಡ ಸೆಕಿಗಹಾರದಲ್ಲಿ ಮಿತ್ಸುನಾರಿಯ ಎದುರು ನಿಂತಾಗ ಅವನ ಎದೆಯಲ್ಲಿ ಏನಿತ್ತು ಎಂದು ನಾನು ಬರೆಯಬೇಕಿಲ್ಲ.

ಅವಳ ಮಾವನ ಕಥೆಯೂ ಕೇಳಿ. ಹೊಸೊಕಾವಾ ಯೂಸಾಯಿ, ಮುದುಕ, ದೊಡ್ಡ ಕಾವ್ಯ ಪಂಡಿತ. ಹಳೆಯ ಕಾವ್ಯವೊಂದರ ಅರ್ಥವನ್ನು ಗುರುವಿನಿಂದ ಶಿಷ್ಯನಿಗೆ ಬಾಯಿಂದಲೇ ದಾಟಿಸುವ ಪರಂಪರೆ ಅಲ್ಲಿತ್ತು. ಅದು ಪೂರ್ತಿ ಗೊತ್ತಿದ್ದವನು ಇವನು. ಸುಮಾರು 500 ಜನರನ್ನು ಇಟ್ಟುಕೊಂಡು ತಾನಾಬೆ ಕೋಟೆಯಲ್ಲಿ ಕೂತ. ಹೊರಗೆ ಮುತ್ತಿಗೆ ಹಾಕಿದವರು 15,000. ಇವನು ಸತ್ತರೆ ಆ ವಿದ್ಯೆಯೇ ಹೋಗುತ್ತದೆ ಎಂದು ಚಕ್ರವರ್ತಿಯೇ ನಡುವೆ ಬಂದು ಮುತ್ತಿಗೆ ನಿಲ್ಲಿಸಿದ. ಆದರೆ ಅಷ್ಟರಲ್ಲಿ ಸೆಕಿಗಹಾರದ ದಿನ ಬಂದುಬಿಟ್ಟಿತ್ತು. ಆ 15,000 ಜನ ಅಲ್ಲಿಗೆ ಮುಟ್ಟಲಿಲ್ಲ. ಒಂದು ಕಾವ್ಯ ಅಷ್ಟು ಮಂದಿಯನ್ನು ಹಿಡಿದಿಟ್ಟಿತು! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೊದಲ ಉತ್ತರದಲ್ಲಿ ಬಂದ ಚಾಂದ್ ಬೀಬಿ ನೆನಪಿದೆಯಲ್ಲ? ಗಂಡ ಸತ್ತ ಮೇಲೆ ವಿಜಯಪುರವನ್ನು ಸಣ್ಣ ಹುಡುಗ ಇಬ್ರಾಹಿಂನ ಹೆಸರಿನಲ್ಲಿ ನಡೆಸಿದಳು. ಆಮೇಲೆ ತವರು ಅಹ್ಮದ್‌ನಗರದಲ್ಲಿ ಮೊಗಲರನ್ನು ಎದುರಿಸಿದಳು. ಅವಳನ್ನು ಕೊಂದದ್ದು ಅವಳ ಕಡೆಯವರೇ. ಅದೂ 1600ರಲ್ಲೇ.

ಪ್ರಶ್ನೆ: ಸೋತವರು ಏನಾದರು?
(ರೈತ, ಜಮಖಂಡಿ)

ಉತ್ತರ: ಮಿತ್ಸುನಾರಿ ಬೆಟ್ಟ ಸೇರಿ ತಪ್ಪಿಸಿಕೊಂಡ. ಹೊಟ್ಟೆ ಕೆಟ್ಟು ನಡೆಯಲಾಗದ ಸ್ಥಿತಿಯಲ್ಲಿ ಕೆಲವು ದಿನಕ್ಕೆ ಸಿಕ್ಕಿಬಿದ್ದ. ಕ್ಯೋಟೊದ ನದಿ ದಂಡೆಯಲ್ಲಿ ಅವನ ತಲೆ ತೆಗೆದರು. ಅಲ್ಲಿಗೆ ಒಯ್ಯುವಾಗ ಬಾಯಾರಿತು ಎಂದನಂತೆ. ನೀರು ಸಿಗಲಿಲ್ಲ, ಕಾವಲಿನವನು ಒಣಗಿಸಿದ ಪರ್ಸಿಮನ್ ಹಣ್ಣು ಕೊಟ್ಟ. ‘ಅದು ಮೈಗೆ ಒಳ್ಳೆಯದಲ್ಲ, ಕಫ ಆಗುತ್ತದೆ’ ಎಂದು ಬೇಡ ಅಂದ. ಈಗ ಸಾಯುವವನಿಗೆ ಆರೋಗ್ಯದ ಚಿಂತೆಯೇ ಎಂದು ಕಾವಲಿನವರು ನಕ್ಕರು. ದೊಡ್ಡ ಕೆಲಸ ಹಿಡಿದವನು ಕೊನೆಯ ಗಳಿಗೆಯವರೆಗೂ ಜೀವವನ್ನು ಜೋಪಾನ ಮಾಡಬೇಕು ಎಂದು ಅವನು ಉತ್ತರ ಕೊಟ್ಟ ಎಂಬ ಕಥೆ ಅಲ್ಲಿ ಮನೆಮಾತು.

ಉಕಿತಾ ಹಿದೆಇಯೆಯನ್ನು ಹಚಿಜೊ ಎಂಬ ದೂರದ ದ್ವೀಪಕ್ಕೆ ಅಟ್ಟಿದರು. ಅಲ್ಲಿ ಅವನು 1655ರವರೆಗೂ ಬದುಕಿದ್ದ. ಹೆಂಡತಿಯ ತವರು ಮಾಯೆದಾ ಮನೆತನ. ಅವರು ಸಮುದ್ರ ದಾಟಿಸಿ ಅಕ್ಕಿ ಕಳಿಸುತ್ತಿದ್ದರು. ಪಕ್ಷ ಬದಲಿಸಿದ ಹುಡುಗ ಕೊಬಾಯಾಕಾವಾ ದೊಡ್ಡ ಸೀಮೆ ಪಡೆದ. ಆದರೆ 1602ರಲ್ಲೇ ಸತ್ತ. ಮಕ್ಕಳಿಲ್ಲ. ಮನೆತನ ಅಲ್ಲಿಗೆ ಮುಗಿಯಿತು.

ಸುಮ್ಮನೆ ನಿಂತಿದ್ದ ಮೋರಿಗೆ ಸಿಕ್ಕಿದ್ದೇನು? ಭೂಮಿ ಮುಟ್ಟುವುದಿಲ್ಲ ಎಂಬ ಭರವಸೆ ಉಳಿಯಲಿಲ್ಲ. 12 ಲಕ್ಷ ಕೊಕುವಿನ ಸೀಮೆ ನಾಲ್ಕು ಲಕ್ಷಕ್ಕೂ ಕಡಿಮೆಗೆ ಇಳಿಯಿತು. ಇಡೀ ಮನೆತನವನ್ನು ಪಶ್ಚಿಮದ ತುದಿಗೆ, ಚೋಶು ಪ್ರದೇಶಕ್ಕೆ ಒತ್ತಿಬಿಟ್ಟರು.

ಇನ್ನೊಬ್ಬ ಶಿಮಾಜು ಯೋಶಿಹಿರೊ, ಸತ್ಸುಮಾ ಸೀಮೆಯವನು. ಬಯಲಲ್ಲಿ ತನ್ನ ಸುಮಾರು 1,500 ಜನರ ಜೊತೆ ಮಿತ್ಸುನಾರಿಯ ಮಾತಿಗೂ ಕದಲದೆ ನಿಂತಿದ್ದ. ಎಲ್ಲ ಓಡಿದ ಮೇಲೆ ಅವನು ಒಬ್ಬನೇ ಉಳಿದ. ಹಿಂದೆ ಓಡುವ ಬದಲು ಎದುರಿಗಿದ್ದ ಇಯೆಯಾಸುವಿನ ದಂಡನ್ನೇ ಸೀಳಿಕೊಂಡು ಹೊರಟ! ಕೆಲವರು ದಾರಿಯಲ್ಲಿ ಕೂತು ಬೆನ್ನಟ್ಟಿದವರ ಮೇಲೆ ಗುಂಡು ಹಾರಿಸಿ ಸಾಯುವುದು, ಅಷ್ಟರಲ್ಲಿ ಒಡೆಯ ಮುಂದೆ ಹೋಗುವುದು, ಮತ್ತೆ ಕೆಲವರು ಕೂರುವುದು. ಅವನ ತಮ್ಮನ ಮಗ ತೊಯೊಹಿಸಾ ಹಾಗೇ ಸತ್ತ. ಕೆಂಪು ಕವಚದ ಈಯಿ ನವೊಮಾಸಾಗೆ ಗುಂಡು ತಾಗಿದ್ದೂ ಅಲ್ಲೇ. ಊರು ಮುಟ್ಟುವಾಗ ಉಳಿದವರು ಎಂಬತ್ತರ ಆಸುಪಾಸು. ಕಾಗೊಶಿಮಾದ ಜನ ಈಗಲೂ ಪ್ರತಿ ವರ್ಷ ಆ ನೆನಪಿಗೆ ಕವಚ ತೊಟ್ಟು ಮೈಲುಗಟ್ಟಲೆ ನಡೆದು ಅವನ ಗುಡಿಗೆ ಹೋಗುತ್ತಾರೆ.

ಇಯೆಯಾಸು 1603ರಲ್ಲಿ ಶೋಗನ್, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಇಡೀ ಜಪಾನನ್ನು ಆಳುವ ದಂಡನಾಯಕ ಆದ. ಹಿದೆಯೋರಿಯನ್ನು 1615ರಲ್ಲಿ ಒಸಾಕಾದಲ್ಲಿ ಮುಗಿಸಿದ. ತೊಕುಗಾವಾ ಆಳ್ವಿಕೆ ಎರಡೂವರೆ ಶತಮಾನ ನಡೆಯಿತು. 1868ರಲ್ಲಿ ಅದನ್ನು ಕೆಡವಲು ಮುಂದಾದವರಲ್ಲಿ ಮೊದಲ ಎರಡು ಸೀಮೆಗಳು ಯಾವುವು ಗೊತ್ತೇ? ಸತ್ಸುಮಾ ಮತ್ತು ಚೋಶು.

ಪ್ರಶ್ನೆ: ಒಂದು ಪುಸ್ತಕದಲ್ಲಿ ಈ ಯುದ್ಧದ ದಿನ ಒಂಬತ್ತನೇ ತಿಂಗಳ 15 ಎಂದಿದೆ, ಇನ್ನೊಂದರಲ್ಲಿ ಅಕ್ಟೋಬರ್ 21. ಯಾವುದು ಸರಿ?
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ, ಇಂಡಿ)

ಉತ್ತರ: ಎರಡೂ ಸರಿ ತಮ್ಮಾ. ಜಪಾನಿನವರು ಆಗ ಚಂದ್ರನ ಲೆಕ್ಕದ ಪಂಚಾಂಗ ಬಳಸುತ್ತಿದ್ದರು. ಅದರಲ್ಲಿ ಕೆಯಿಚೊ ಶಕೆಯ ಐದನೇ ವರ್ಷ, ಒಂಬತ್ತನೇ ತಿಂಗಳು, 15ನೇ ದಿನ. 15ನೇ ದಿನ ಎಂದರೆ ಹುಣ್ಣಿಮೆ. ನಮ್ಮ ಕಡೆ ಸೀಗಿ ಹುಣ್ಣಿಮೆ ಬರುವ ಹೊತ್ತು ಅದು. ಈಗಿನ ಕ್ಯಾಲೆಂಡರಿಗೆ ಹೊಂದಿಸಿದರೆ 1600ರ ಅಕ್ಟೋಬರ್ 21. ಪರೀಕ್ಷೆಯಲ್ಲಿ ಅಕ್ಟೋಬರ್ ತಾರೀಕನ್ನೇ ಬರೆ. ಇಯೆಯಾಸು ಶೋಗನ್ ಆದದ್ದು 1603ರಲ್ಲಿ ಎಂಬುದನ್ನೂ ಜೊತೆಗೆ ನೆನಪಿಟ್ಟುಕೋ. ಈ ಎರಡು ಇಸವಿಗಳನ್ನು ಬಹಳ ಹುಡುಗರು ಅದಲುಬದಲು ಮಾಡುತ್ತಾರೆ.